ಲಿಸ್ಬನ್ನಿನಲ್ಲಿ ಒಂದು ರೂಪಾಯಿ

ಜೋಗೇಶ್ವರಿ

ನಾನು ಕೆಲಸ ಮಾಡುವ ಕಚೇರಿ ಮುಂಬಯಿಯ ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿದೆ. ಕೆಳಗಿನ ಗಾಳೆಗಳಲ್ಲಿ, ಅಂದರೆ ಬಾಡಿಗೆಯ ಸಣ್ಣ ಕಾರ್ಖಾನೆಗಳಲ್ಲಿ, ನಲ್ಲಿ, ಬೋಲ್ಟು ತಯಾರಾಗುತ್ತವೆ. ಮೇಲೆ ನಾವು ಐದು ಜನ ಆ ನಲ್ಲಿ, ಬೋಲ್ಟುಗಳ ಕಾಗದಪತ್ರಗಳನ್ನು ಇಂಗ್ಲಿಷಿನಿಂದ ಪೋರ್ಚುಗೀಸಿಗೆ ಅನುವಾದಿಸುತ್ತೇವೆ. ಮೊಜಾಂಬಿಕ್, ಅಂಗೋಲಾ ಕಡೆ ಹೋಗುವ ಸರಕಿಗೆ ಅದು ಬೇಕು. ಕಾಲೇಜಿನಲ್ಲಿ ಪೋರ್ಚುಗೀಸ್ ಓದುವಾಗ ಸಮುದ್ರದ ಮೇಲಿನ ಕವಿತೆಗಳನ್ನು ಕಲಿಸಿದ್ದರು. ಈಗ ನನಗೆ ದಿನವೂ ಬೇಕಾಗುವುದು ಬೆಲೆಗೆ ಸಂಬಂಧಿಸಿದ ಪದಗಳು: ಘೋಷಿಸಿದ ಬೆಲೆ, ಸುಂಕ ಲೆಕ್ಕಹಾಕುವ ಬೆಲೆ, ವಿಮೆ ಮಾಡಿಸಿದ ಬೆಲೆ, ಮುಖಬೆಲೆ, ಹೀಗೆ ಇಪ್ಪತ್ತಕ್ಕೂ ಹೆಚ್ಚು. ಒಂದರ ಜಾಗದಲ್ಲಿ ಇನ್ನೊಂದು ಬಿದ್ದರೆ ಕಂಟೇನರು ಯಾವುದೋ ಬಂದರಿನಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಯುತ್ತದೆ.

ಈ ಪದಗಳ ಪಟ್ಟಿಯನ್ನು ಲಿಸ್ಬನ್ನಿನ ಒಂದು ಅನುವಾದ ಕಚೇರಿಯವರ ಜೊತೆ ಕೂತು ಸರಿಮಾಡಿಕೊಂಡು ಬರಲು ನನ್ನನ್ನು ಎರಡು ವಾರಕ್ಕೆ ಕಳಿಸಿದರು. ಪರದೇಶಕ್ಕೆ ಹೊರಟವಳು ಏನು ನೋಡಲು ಹೋಗುತ್ತಾಳೆ ಎಂದು ಬಿಲ್ಡಿಂಗಿನವರು ಕೇಳಿದಾಗ ‘ಕೆಲಸ ಇದೆ’ ಎಂದಷ್ಟೇ ಹೇಳಿದೆ. ‘ವಲೋರ್ ದೆಕ್ಲರಾದು’, ಅಂದರೆ ಘೋಷಿಸಿದ ಬೆಲೆ, ಎಂಬುದರ ಅರ್ಥ ಎಲ್ಲಿಗೆ ಮುಗಿಯುತ್ತದೆ ಎಂದು ನೋಡಲು ಹೋಗುತ್ತಿದ್ದೇನೆ ಎಂದರೆ ಯಾರು ನಂಬುತ್ತಾರೆ?

ದಹಿಸರ್

ದಹಿಸರಿನಲ್ಲಿ ನಾವು ಮೂರನೇ ಮಹಡಿ, ದೊಡ್ಡಪ್ಪ ನಾಲ್ಕನೇ ಮಹಡಿ. ಮೈಸೂರಿನಿಂದ ಬ್ಯಾಂಕಿನ ಕೆಲಸಕ್ಕೆಂದು ಬಂದು ಇಲ್ಲೇ ನಿವೃತ್ತರಾದವರು. ದೊಡ್ಡಮ್ಮ ಬಹಳ ಹಿಂದೆಯೇ ತೀರಿಕೊಂಡರು. ಒಬ್ಬಳೇ ಮಗಳು ವಸುಧಕ್ಕ ಮೂರು ವರ್ಷದ ಹಿಂದೆ ಬೊರಿವಲಿಯ ನೆಲ್ಸನ್ ಎಂಬವರನ್ನು ರಿಜಿಸ್ಟರ್ ಮದುವೆಯಾದಳು. ನೆಲ್ಸನ್ನರ ಅಜ್ಜ ಗೋವಾದಲ್ಲಿ ಪೋರ್ಚುಗೀಸರ ಕಾಲದಲ್ಲಿ ಹುಟ್ಟಿದವರು. ಆ ಆಧಾರದ ಮೇಲೆ ಮೊಮ್ಮಗನಿಗೆ ಪೋರ್ಚುಗಲ್ಲಿನ ಪಾಸ್‌ಪೋರ್ಟು ಸಿಕ್ಕಿತು, ಇಬ್ಬರೂ ಲಿಸ್ಬನ್ನಿಗೆ ಹೋದರು. ಮದುವೆಯ ದಿನದಿಂದ ದೊಡ್ಡಪ್ಪ ಮಗಳ ಜೊತೆ ಮಾತಾಡಿಲ್ಲ. ಪೋರ್ಚುಗಲ್ ಎಂಬ ಹೆಸರನ್ನೂ ಅವರು ಎತ್ತುವುದಿಲ್ಲ. ‘ಆ ಕಡೆ’ ಎನ್ನುತ್ತಾರೆ.

ಅಕ್ಕನಿಗೆ ಈಗ ಎಂಟನೇ ತಿಂಗಳು. ನಾನು ಲಿಸ್ಬನ್ನಿನಲ್ಲಿ ಇರುವ ಎರಡನೇ ಭಾನುವಾರ ಅವಳ ಮನೆಯಲ್ಲಿ ಸಣ್ಣದಾಗಿ ಸೀಮಂತ ಮಾಡುವುದೆಂದು ಫೋನಿನಲ್ಲಿ ಮಾತಾಗಿತ್ತು. ತವರಿನ ಕಡೆಯಿಂದ ನಾನೊಬ್ಬಳೇ.

ಹೊರಡುವ ಹಿಂದಿನ ದಿನ ನಾಲ್ಕನೇ ಮಹಡಿಗೆ ಹೋಗಿ ಕೇಳಿದೆ.

“ಏನಾದ್ರೂ ಕೊಡೋದಿದೆಯಾ ದೊಡ್ಡಪ್ಪ?”

“ಯಾರಿಗೆ?”

ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

“ಬ್ಯಾಗಲ್ಲಿ ಜಾಗ ಉಳಿದಿದ್ರೆ ಒಂದು ಸ್ವೆಟರ್ ಜಾಸ್ತಿ ಇಟ್ಕೋ. ಆ ಕಡೆ ಚಳಿಯಂತೆ.”

ಲಿಸ್ಬನ್, ಮೊದಲ ದಿನಗಳು

ಲಿಸ್ಬನ್ನಿನ ಕಾಲುದಾರಿಗಳಿಗೆಲ್ಲ ಬಿಳಿಯ ಚಿಕ್ಕ ಕಲ್ಲುಗಳನ್ನು ಜೋಡಿಸಿದ್ದಾರೆ. ಜನರ ಕಾಲು ಸವೆಸಿ ಸವೆಸಿ ಅವು ಪಾತ್ರೆಯಂತೆ ಹೊಳೆಯುತ್ತವೆ. ದಹಿಸರ್ ಸ್ಟೇಷನ್ನಿನ ಹೊರಗೆ ಕೊಂಡ ಚಪ್ಪಲಿಯಲ್ಲಿ ಮೊದಲ ಇಳಿಜಾರಿನಲ್ಲೇ ಜಾರಿ ಕೂತೆ. ಒಬ್ಬ ಮುದುಕರು ಬಂದು ನನ್ನ ಮೊಣಕೈ ಹಿಡಿದೆಬ್ಬಿಸಿ, ಕಲ್ಲಿನ ಪರವಾಗಿ ಕ್ಷಮೆ ಕೇಳಿದರು. ನಮ್ಮಲ್ಲಾದರೆ ಎಬ್ಬಿಸುವವರು ಹತ್ತು ಜನ ಬರುತ್ತಾರೆ, ಆದರೆ ಹತ್ತೂ ಜನ ಮೊದಲು ಕೇಳುವುದು ಕಣ್ಣು ಎಲ್ಲಿಟ್ಟಿದ್ದೆ ಎಂದು.

ಲೋಕಲ್ ರೈಲಿನ ಅಭ್ಯಾಸ ಇನ್ನೊಂದು. ಇಳಿಯುವುದಕ್ಕೆ ಎರಡು ಸ್ಟೇಷನ್ ಮೊದಲೇ ಎದ್ದು, ಬ್ಯಾಗನ್ನು ಎದೆಗೆ ಅವುಚಿಕೊಂಡು, ಬಾಗಿಲಿಗೆ ಮುಖ ಮಾಡಿ ನಿಂತೆ. ಬೋಗಿಯಲ್ಲಿ ಒಟ್ಟು ಏಳು ಜನ ಇದ್ದರು. ಎದುರು ಕೂತಿದ್ದ ಹೆಂಗಸು ಮೃದುವಾಗಿ, “ಮೈಗೆ ಹುಷಾರಿಲ್ಲವೇ?” ಎಂದು ಕೇಳಿದಳು. ಇಲ್ಲ, ನಾನು ಇಳಿಯುವವಳು ಎಂದೆ. ಅವಳು ಕಿಟಕಿಯಿಂದಾಚೆ ನೋಡಿದಳು. ಅಲ್ಲಿ ಸ್ಟೇಷನ್ ಇರಲಿಲ್ಲ.

ಇಲ್ಲಿ ಎಲ್ಲದಕ್ಕೂ ಚೀಟಿ. ಬ್ರೆಡ್ಡಿನ ಅಂಗಡಿಯಲ್ಲೂ ಯಂತ್ರದಿಂದ ಅಂಕಿಯ ಚೀಟಿ ಹರಿದುಕೊಂಡು ಕಾಯಬೇಕು. ಅಂಗಡಿಯಲ್ಲಿ ನಾನೊಬ್ಬಳೇ ಇದ್ದಾಗಲೂ ಮಾಲೀಕ ನನ್ನ ಅಂಕಿಯನ್ನು ಗಟ್ಟಿಯಾಗಿ ಕೂಗಿದ. ನಾನು ಅತ್ತಿತ್ತ ನೋಡಿ ಕೈ ಎತ್ತಿದೆ.

ಮೊದಲ ಸೋಮವಾರವೇ ದೊಡ್ಡಪ್ಪನ ಫೋನು ಬಂತು.

“ಏನೇ ಸುಮಾ, ಊಟ ಗೀಟ ಸರಿಯಾಗಿದೆಯಾ? ಒಂದು ವಿಷಯ, ಸುಮ್ನೆ ಕೇಳ್ತಿದೀನಿ. ಇಲ್ಲಿಂದ ಆ ಕಡೆಗೆ ಉಡುಗೊರೆ ಕಳ್ಸಿದ್ರೆ ಡ್ಯೂಟಿ ಇಲ್ದೆ ಎಷ್ಟರ ತನಕ ಬಿಡ್ತಾರೆ?”

“ನಲವತ್ತೈದು ಯೂರೋ. ಈ ತಿಂಗಳು ಕಸ್ಟಮ್ಸ್‌ನವರ ದರ ಯೂರೋಗೆ ಸರಿಯಾಗಿ ನೂರು ರೂಪಾಯಿ. ಅಂದ್ರೆ ನಾಲ್ಕೂವರೆ ಸಾವಿರ. ಯಾಕೆ ದೊಡ್ಡಪ್ಪ?”

“ಹೇಳಿದ್ನಲ್ಲ, ಸುಮ್ನೆ. ಜನರಲ್ ನಾಲೆಜ್.”

ಎರಡನೇ ಮಂಗಳವಾರ, ಒಂದು ಸೂಚನೆ

ನಾನಿದ್ದ ಬಾಡಿಗೆ ಕೋಣೆಯ ಬಾಗಿಲಡಿ ಒಂದು ಕಾಗದ ತೂರಿಸಿದ್ದರು. ನನ್ನ ಹೆಸರಿಗೆ ಮುಂಬಯಿಯಿಂದ ಪಾರ್ಸೆಲ್ ಬಂದಿದೆ, ಸುಂಕದ ಕಚೇರಿಯಲ್ಲಿ ತಡೆಹಿಡಿಯಲಾಗಿದೆ. ಕಳಿಸಿದವರು ದೊಡ್ಡಪ್ಪ. ಘೋಷಿಸಿದ ಬೆಲೆ: ನಾಲ್ಕು ಸಾವಿರದ ಐನೂರ ಒಂದು ರೂಪಾಯಿ. ಯೂರೋದಲ್ಲಿ ನಲವತ್ತೈದು ಮತ್ತು ಒಂದು ಸೆಂಟ್. ಉಡುಗೊರೆಯ ಮಿತಿಗಿಂತ ಒಂದು ಸೆಂಟ್ ಹೆಚ್ಚು.

ಏನಾಗಿದೆ ಎಂದು ಕೂಡಲೇ ಗೊತ್ತಾಯಿತು. ನಮ್ಮಲ್ಲಿ ಯಾರಿಗೇ ಮುಯ್ಯಿ ಕೊಟ್ಟರೂ ಸೊನ್ನೆಯಲ್ಲಿ ಮುಗಿಸುವುದಿಲ್ಲ. ನೂರೊಂದು, ಐನೂರೊಂದು, ಸಾವಿರದೊಂದು. ಅಂಗಡಿಯಲ್ಲಿ ಸಿಗುವ ಕವರುಗಳ ಮೇಲೆ ಆ ಒಂದು ರೂಪಾಯಿಯನ್ನು ಮೊದಲೇ ಅಂಟಿಸಿರುತ್ತಾರೆ. ದೊಡ್ಡಪ್ಪ ಸರಕನ್ನು ಪೈಸೆಗೆ ಪೈಸೆ ನಾಲ್ಕೂವರೆ ಸಾವಿರಕ್ಕೆ ಹೊಂದಿಸಿ, ಮೇಲೆ ಒಂದು ರೂಪಾಯಿ ಅಂಟಿಸಿದ್ದರು. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಬ್ಯಾಂಕಿನವರಾದ್ದರಿಂದ ಅದನ್ನು, ಸೂಚನೆಯ ಜೊತೆ ಲಗತ್ತಿಸಿದ್ದ ಸರಕಿನ ಪಟ್ಟಿಯಲ್ಲೂ ಬರೆದಿದ್ದರು: ಹಸಿರು ಸೀರೆ ಒಂದು, ಹಸಿರು ಗಾಜಿನ ಬಳೆ ಮೂರು ಡಜನ್, ಅರಿಶಿನ ಕುಂಕುಮ, ಮಗುವಿನ ಬಟ್ಟೆ ಆರು, ನಾಣ್ಯ ಒಂದು.

ಸುಂಕದ ಕಟ್ಟೆ

ಬುಧವಾರ ಬೆಳಿಗ್ಗೆ ಚೀಟಿ ಹರಿದುಕೊಂಡು ಕಾದೆ. ಕೌಂಟರಿನಲ್ಲಿದ್ದವರು ದೋನಾ ಲುರ್ದೆಸ್, ಐವತ್ತೈದರ ಆಸುಪಾಸು, ಕನ್ನಡಕಕ್ಕೆ ಸರ ಕಟ್ಟಿಕೊಂಡವರು. ಪೆಟ್ಟಿಗೆ ಅವರ ಮೇಜಿನ ಮೇಲಿತ್ತು, ಆಗಲೇ ತೆರೆದಿದ್ದರು. ಸೀರೆಯ ಡಬ್ಬದ ಮೇಲೆ ರೂಪಾಯಿ ಹೊಳೆಯುತ್ತಿತ್ತು.

“ಎಷ್ಟು ಸುಂಕವೋ ಅಷ್ಟು ಕಟ್ಟಿಬಿಡುತ್ತೇನೆ,” ಎಂದೆ.

“ಕಟ್ಟಿಸಿಕೊಳ್ಳಲು ಆಗುವುದಿಲ್ಲ ಮಗಳೇ,” ಎಂದರು ಬಹಳ ದುಃಖದಿಂದ. “ಸುಂಕ ಇರುವುದು ಸರಕಿಗೆ. ನಾಣ್ಯ ಸರಕಲ್ಲ, ಹಣ. ಹಣಕ್ಕೆ ಸುಂಕ ಹಾಕಿದರೆ ನನ್ನ ಕೆಲಸ ಹೋಗುತ್ತದೆ.”

“ಹಾಗಾದರೆ ನಾಣ್ಯ ಬಿಟ್ಟು ಲೆಕ್ಕ ಹಾಕಿ. ನಲವತ್ತೈದೇ ಆಗುತ್ತದೆ.”

“ಪಟ್ಟಿಯಲ್ಲಿದೆ. ಪಟ್ಟಿಯಲ್ಲಿರುವುದನ್ನು ನಾನು ಬಿಟ್ಟರೆ ನಾನು ಕದ್ದ ಹಾಗೆ.”

“ಹಣ ಎಂದೇ ಘೋಷಿಸುತ್ತೇನೆ.”

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಹಣ ಘೋಷಿಸುವ ನಮೂನೆ ಹತ್ತು ಸಾವಿರ ಯೂರೋದಿಂದ ಶುರುವಾಗುತ್ತದೆ. ನಾವಿಬ್ಬರೂ ಸೇರಿ 0.01 ಎಂದು ತುಂಬಿ ನೋಡಿದೆವು. ಪರದೆ ಕೆಂಪಾಯಿತು. ಅಂಕಿಯನ್ನು ಮರೆತಿರಬಹುದು, ಇನ್ನೊಮ್ಮೆ ಪರಿಶೀಲಿಸಿ ಎಂದು ಯಂತ್ರ ವಿನಯದಿಂದ ಹೇಳಿತು.

ದೋನಾ ಲುರ್ದೆಸ್ ಕೈಬಿಡುವವರಲ್ಲ. ಒಂದು ದಪ್ಪ ಪುಸ್ತಕ ತೆಗೆದರು. ನಾನು ನನ್ನ ಪದಗಳ ಪಟ್ಟಿ ತೆಗೆದೆ. ಎಂಟು ದಿನದಿಂದ ಅದೇ ಊರಿನ ಇನ್ನೊಂದು ಮೂಲೆಯಲ್ಲಿ ನಾನು ತಿದ್ದುತ್ತಿದ್ದ ಪಟ್ಟಿ. ನನ್ನ ಹಿಂದೆ ಚೀಟಿ ಹಿಡಿದವರ ಸಾಲು ಬೆಳೆಯುತ್ತಿತ್ತು, ಯಾರೂ ಗೊಣಗಲಿಲ್ಲ. ದಹಿಸರಿನ ಪೋಸ್ಟಾಫೀಸಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಹಿಂದಿನವರು ಕೌಂಟರಿನೊಳಗೆ ಕೈಹಾಕಿ ತಾವೇ ಮೊಹರು ಒತ್ತಿರುತ್ತಿದ್ದರು.

“ಮುಖಬೆಲೆ?” ಎಂದರು.

“ಒಂದು ರೂಪಾಯಿ. ಆದರೆ ಖರ್ಚು ಮಾಡಲು ಕೊಟ್ಟಿದ್ದಲ್ಲ.”

“ಸಂಗ್ರಾಹಕರ ಬೆಲೆ?”

“ಮುಂಬಯಿಯಲ್ಲಿ ಹೂವಿನವಳು ಚಿಲ್ಲರೆ ಇಲ್ಲ ಎಂದು ಬಯ್ದುಕೊಂಡು ಕೊಡುವ ನಾಣ್ಯ.”

“ದಲ್ಲಾಳಿ ಹಣ? ಟಿಪ್ಸು?”

“ಅಲ್ಲ.”

“ಮತ್ತೇಕೆ ಇದು ಇಲ್ಲಿದೆ?”

ಸೊನ್ನೆ ಬರಬಾರದು, ಅದಕ್ಕೆ, ಎಂದೆ. ಅವರು ‘ಪೊಯಿಶ್’ ಎಂದರು. ಇಲ್ಲಿಯವರು ಹೌದು, ಅಯ್ಯೋ, ಆಮೇಲೆ, ನಂಬಲಾರೆ, ಎಲ್ಲಕ್ಕೂ ಅದನ್ನೇ ಹೇಳುತ್ತಾರೆ. ನಂತರ ಬಳೆಗಳ ಕಡೆ ಬೆರಳು ತೋರಿಸಿದರು.

“ಮೂವತ್ತಾರು ಬಳೆ. ಉಡುಗೊರೆಯೋ, ವ್ಯಾಪಾರವೋ? ನಿಮಗೆ ಎರಡೇ ಕೈ. ಒಂದರಲ್ಲಿ ಗಡಿಯಾರ ಇದೆ.”

ಕಳಿಸಿದವರೊಂದಿಗೇ ಮಾತಾಡಬೇಕು ಎಂದರು. ಮುಂಬಯಿಯಲ್ಲಿ ಆಗ ಮಧ್ಯಾಹ್ನ. ಫೋನು ಮಾಡಿ ವಿಷಯ ಹೇಳಿದೆ.

“ಒಂದು ರೂಪಾಯಿ ಬರ್ದಿದ್ದು ತಪ್ಪಾ?” ದೊಡ್ಡಪ್ಪನ ದನಿ ಏರಿತು. “ಮೂವತ್ತೈದು ವರ್ಷ ಬ್ಯಾಂಕಲ್ಲಿ ಒಂದು ಪೈಸೆ ಮುಚ್ಚಿಟ್ಟವನಲ್ಲ ನಾನು! ಇಲ್ಲಿ ಕೊರಿಯರ್‌ನವನು ಹೇಳ್ದ, ‘ಅಂಕಲ್, ಸಬ್ ಲೋಗ್ ಪಾಂಚ್ ಸೌ ಲಿಖ್ತೇ ಹೈ’ ಅಂತ. ನಾನು ಎಲ್ಲರ ಥರ ಐನೂರು ಅಂತ ಸುಳ್ಳು ಬರೆಯಲ್ಲ ಅಂದೆ. ಕೊಡು ಆ ಮೇಡಂಗೆ.”

ಸ್ಪೀಕರ್ ಹಾಕಿದೆ. ಇಬ್ಬರೂ ಇಂಗ್ಲಿಷಿನಲ್ಲಿ, ಒಬ್ಬರಿಗೊಬ್ಬರು ಬಹಳ ಗೌರವ ಕೊಟ್ಟುಕೊಂಡು ಮಾತಾಡಿದರು. ಸತ್ಯವಾಗಿ ಘೋಷಿಸಿದ್ದಕ್ಕೆ ದೋನಾ ಲುರ್ದೆಸ್ ಅಭಿನಂದಿಸಿದರು. ದೊಡ್ಡಪ್ಪ ಅವರ ಇಲಾಖೆಯ ಶಿಸ್ತನ್ನು ಹೊಗಳಿದರು. ನಂತರ ಆಕೆ ಕೇಳಿದರು.

“ಸರ್, ಈ ಬಳೆಗಳು ಯಾರಿಗೆ? ಈ ಹುಡುಗಿಗೇ?”

“ನಮ್ಮ ಮನೆಯವರಿಗೆ.”

“ಹೆಸರು?”

“ಫ್ಯಾಮಿಲಿ, ಮೇಡಂ. ಫ್ಯಾಮಿಲಿ ಮೆಂಬರ್.”

“ಸರಿ. ಹೆಸರು? ನಿಮಗೆ ಏನಾಗಬೇಕು?”

“ಹಲೋ? ಹಲೋ? ಇಲ್ಲಿ ನೆಟ್‌ವರ್ಕ್ ಇಲ್ಲ,” ಎಂದರು ದೊಡ್ಡಪ್ಪ, ಅತ್ಯಂತ ಸ್ಪಷ್ಟವಾಗಿ. ಫೋನು ಕಟ್ಟಾಯಿತು.

ದೋನಾ ಲುರ್ದೆಸ್ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಕಳಿಸಿದವರೇ ಸಹಿ ಮಾಡಿದ ಹೇಳಿಕೆ ಬೇಕು. ಮೂರು ಪ್ರಶ್ನೆ: ಆ ಒಂದು ರೂಪಾಯಿ ಏನು, ಪೆಟ್ಟಿಗೆ ನಿಜವಾಗಿ ಯಾರಿಗೆ, ಅವರು ಏನಾಗಬೇಕು. ಅವರೇ ಬರೆದುಕೊಟ್ಟರೆ ಪಟ್ಟಿ ತಿದ್ದಬಹುದು. ಶುಕ್ರವಾರ ಹನ್ನೆರಡೂವರೆಯೊಳಗೆ ಬರದಿದ್ದರೆ ಪೆಟ್ಟಿಗೆ ಮುಂಬಯಿಗೆ ವಾಪಸು.

“ಹನ್ನೆರಡೂವರೆಯಿಂದ ನನ್ನ ಊಟ,” ಎಂದು ಸೇರಿಸಿದರು. ಅದೂ ಕಾನೂನಿನ ಭಾಗದಂತೆಯೇ ಕೇಳಿಸಿತು.

ಒಡಿವೇಲಾಸ್

ಅಕ್ಕನ ಮನೆ ಲಿಸ್ಬನ್ನಿನ ಹೊರಗೆ ಒಡಿವೇಲಾಸ್ ಎಂಬ ಉಪನಗರದಲ್ಲಿ. ಬಾಲ್ಕನಿಗಳಲ್ಲಿ ಬಟ್ಟೆ, ಕೆಳಗೆ ಗುಜರಾತಿಗಳ ದಿನಸಿ ಅಂಗಡಿ. ಬಣ್ಣ ಸ್ವಲ್ಪ ಕೆಡಿಸಿದರೆ ದಹಿಸರೇ. ಗುರುವಾರ ಸಂಜೆ ಹೋದಾಗ ಅಕ್ಕ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು.

“ಬಾರೇ ಸುಮಿ. ನೋಡು, ಫುಲ್ ಬಂದೋಬಸ್ತ್ ಮಾಡಿದೀನಿ.” ಒಂದು ಚೀಲ ತೆರೆದಳು. ಒಳಗೆ ಹಸಿರು ಪ್ಲಾಸ್ಟಿಕ್ ಬಳೆಗಳು. “ಚೈನೀಸ್ ಅಂಗಡಿದು. ಗಾಜು ಎಲ್ಲೂ ಸಿಗ್ಲಿಲ್ಲ. ಚಲ್ತಾ ಹೈ ಅಲ್ವಾ? ತವರಿಂದ ಬರ್ಬೇಕು ಅಂತಾರೆ. ಚೀನಾನೇ ತವರು ಅಂದ್ಕೋತೀನಿ.”

ನೆಲ್ಸನ್ ಭಾವ ಅಡುಗೆಮನೆಯಿಂದ ತಲೆ ಹಾಕಿದರು. ಅವರು ಒಂದು ಬೇಕರಿಯಲ್ಲಿ ಕೆಲಸ ಮಾಡುತ್ತಾರೆ, ಕನ್ನಡ ಅರ್ಧ ಅರ್ಥವಾಗುತ್ತದೆ. “ಸೌಂಡ್ ನಹೀ ಆತಾ ಉಸ್ಕಾ,” ಎಂದರು, “ಮೈನೇ ಚೆಕ್ ಕಿಯಾ.”

ಅಕ್ಕ ನಕ್ಕಳು. ಸದ್ದೇ ಬಾರದ ಬಳೆಗಳನ್ನು ಅಲ್ಲಾಡಿಸಿ ನೋಡಿ, ಚೀಲದಲ್ಲಿ ತುರುಕಿದಳು.

ಪೆಟ್ಟಿಗೆಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಹೇಳಿ, ಶುಕ್ರವಾರ ಅದು ವಾಪಸು ಹೋದರೆ, ಅಪ್ಪ ಕಳಿಸಿದ್ದು ಬಾಗಿಲ ತನಕ ಬಂದು ತಿರುಗಿಹೋಯಿತು ಎಂದಾಗುತ್ತದೆ. ದೊಡ್ಡಪ್ಪನಂತೂ ತಾನು ಕಳಿಸಲೇಬಾರದಿತ್ತು, ವಾಪಸು ಬಂದದ್ದೇ ಸರಿ ಎಂದು ಕೂತುಬಿಡುತ್ತಾರೆ. ಇನ್ನೊಂದು ಸಲ ಕಳಿಸುವ ಜನವಲ್ಲ. ಮೂರು ವರ್ಷದಲ್ಲಿ ಇದೇ ಮೊದಲು, ಅದೂ ನನ್ನ ಹೆಸರಿಗೆ.

ಕೋಣೆಗೆ ಮರಳುವಾಗ ರೈಲಿನಲ್ಲಿ ದೊಡ್ಡಪ್ಪನಿಗೆ ಮೂರೂ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಕಳಿಸಿದೆ. ಕೊನೆಗೆ, “ನೀವು ಬರೆಯದಿದ್ದರೆ ಪೆಟ್ಟಿಗೆ ನಿಮಗೇ ಬರುತ್ತದೆ” ಎಂದು ಸೇರಿಸಿದೆ. ಓದಿದ್ದಾರೆಂದು ತೋರಿಸುವ ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ.

ಶುಕ್ರವಾರ

ಹತ್ತೂಕಾಲಿಗೆ, ಸುಂಕದ ಕಚೇರಿಯ ಬೆಂಚಿನ ಮೇಲಿದ್ದಾಗ, ದೊಡ್ಡಪ್ಪನಿಂದ ಒಂದು ಫೋಟೊ ಬಂತು. ಗೆರೆ ಹಾಕಿದ ಹಾಳೆಯಲ್ಲಿ ನೀಲಿ ಶಾಯಿ, ಅವರ ದುಂಡು ಅಕ್ಷರ, ಕೆಳಗೆ ಸಹಿ. ಹೀಗಿತ್ತು.

‘ಮಾನ್ಯರೆ, ತಾವು ಕೇಳಿರುವ ಮೂರು ಪ್ರಶ್ನೆಗಳಿಗೆ ಕ್ರಮವಾಗಿ ಉತ್ತರಿಸುತ್ತಿದ್ದೇನೆ.

ಒಂದು: ಸೊನ್ನೆಯಲ್ಲಿ ಮುಗಿಯುವ ಮೊತ್ತವನ್ನು ಕೊಟ್ಟರೆ ಕೊಡುವುದು ಅಲ್ಲಿಗೆ ಮುಗಿಯಿತು ಎಂದು ನಮ್ಮಲ್ಲಿ ತಿಳಿಯುತ್ತಾರೆ. ಒಂದು ಸೇರಿಸಿದರೆ ಮುಗಿದಿಲ್ಲ, ಮುಂದೆಯೂ ಇದೆ ಎಂದು. ಮುಗಿಸುವ ಉದ್ದೇಶ ನನಗೆ ಇಲ್ಲದ ಕಾರಣ ಒಂದು ರೂಪಾಯಿಯನ್ನು ಸೇರಿಸಲಾಗಿದೆ. ಅದಕ್ಕೆ ಬೇರೆ ಬೆಲೆ ಇಲ್ಲ.

ಎರಡು ಮತ್ತು ಮೂರು: ಪೆಟ್ಟಿಗೆ ನನ್ನ ಮಗಳು ವಸುಧಾಳಿಗೆ. ವಿಳಾಸದಲ್ಲಿ ನನ್ನ ತಮ್ಮನ ಮಗಳ ಹೆಸರು ಬರೆದದ್ದು ನನ್ನ ತಪ್ಪು. ಮೂರು ವರ್ಷದಿಂದ ಮಗಳೊಂದಿಗೆ ಮಾತಿಲ್ಲ. ಇದು ಸುಂಕದ ವಿಷಯವಲ್ಲವಾದರೂ ಪೂರ್ಣ ಘೋಷಣೆ ಮಾಡಬೇಕೆಂಬ ನಿಯಮಕ್ಕೆ ಅನುಸಾರವಾಗಿ ತಿಳಿಸಿದ್ದೇನೆ.

ಮೇಲೆ ಹೇಳಿರುವುದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ.’

ಬೆಂಚಿನ ಮೇಲೇ ಪೋರ್ಚುಗೀಸಿಗೆ ಅನುವಾದಿಸಿದೆ. ಬೋಲ್ಟಿನ ಕಾಗದಗಳಿಗಿಂತ ಹೆಚ್ಚು ಸಮಯ ಹಿಡಿಯಿತು. ‘ಸೇರಿಸಲಾಗಿದೆ’ ಎಂಬ ಕಚೇರಿಯ ಧಾಟಿಯನ್ನು ಹಾಗೆಯೇ ಇಟ್ಟೆ.

ಫೋಟೊ, ಅನುವಾದ ಎರಡನ್ನೂ ಒಂದೇ ಹಾಳೆಯ ಎರಡು ಬದಿಗೆ ಮುದ್ರಿಸಿಕೊಂಡು ದೋನಾ ಲುರ್ದೆಸ್ ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಪುಸ್ತಕವನ್ನು ಮುಚ್ಚಿದರು.

“ನಾಣ್ಯ ಸರಕಿನ ಭಾಗವಲ್ಲ ಎಂದು ಕಳಿಸಿದವರೇ ಘೋಷಿಸಿದ್ದಾರೆ,” ಎಂದು ಕಂಪ್ಯೂಟರಿಗೆ ಹೇಳುವಂತೆ ಹೇಳಿದರು. ಕಾಗದ ಕತ್ತರಿಸುವ ಚಾಕುವಿನಿಂದ ರೂಪಾಯಿಯನ್ನು ನಾಜೂಕಾಗಿ ಬಿಡಿಸಿದರು. “ಕೈ ಕೊಡಿ. ಹತ್ತು ಸಾವಿರ ಯೂರೋಕ್ಕಿಂತ ಕಡಿಮೆ ಹಣವನ್ನು ಪ್ರಯಾಣಿಕರು ಕೈಯಲ್ಲಿಟ್ಟುಕೊಂಡರೆ ಘೋಷಿಸಬೇಕಾಗಿಲ್ಲ.” ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. “ಈಗ ಪೆಟ್ಟಿಗೆ ನಲವತ್ತೈದು. ಬಳೆ ವ್ಯಾಪಾರಕ್ಕಲ್ಲ.”

ನಾಲ್ಕು ಕಡೆ ಮೊಹರು ಬಿತ್ತು. ದೊಡ್ಡಪ್ಪನ ಹೇಳಿಕೆಯ ಪ್ರತಿಯ ಮೇಲೂ ಒಂದು. ಹನ್ನೆರಡು ಇಪ್ಪತ್ತೆಂಟು. ನಾನು ಪೆಟ್ಟಿಗೆ ಎತ್ತಿಕೊಂಡಾಗ ಅವರು ಡ್ರಾಯರಿನಿಂದ ಒಂದು ಗೋಂದಿನ ಟ್ಯೂಬು ತೆಗೆದು ಮುಂದೆ ತಳ್ಳಿದರು.

“ಹೊರಗೆ ಹೋಗಿ ಅಂಟಿಸಿ,” ಎಂದರು. “ಇಲ್ಲಿ ಅಂಟಿಸಿದರೆ ಮತ್ತೆ ಮೊದಲಿಂದ ಶುರು.”

ಭಾನುವಾರ

ಬೆಳಿಗ್ಗೆ ಬೇಗ ಹೋದೆ. ಪೆಟ್ಟಿಗೆಯನ್ನು ಅಕ್ಕನ ಮುಂದಿಟ್ಟು, ಮೊಹರು ಬಿದ್ದ ಪ್ರತಿಯನ್ನು ಮೇಲಿಟ್ಟೆ. ಮಾತಿನಲ್ಲಿ ಹೇಳುವುದಕ್ಕಿಂತ ಅದು ಸುಲಭ ಅನ್ನಿಸಿತು. ಅಕ್ಕ ಮೊದಲು ಪೋರ್ಚುಗೀಸಿನದನ್ನು ಓದಿದಳು. ಆಮೇಲೆ ಹಾಳೆ ತಿರುಗಿಸಿ ಅಪ್ಪನ ಅಕ್ಷರವನ್ನು ಓದಿದಳು. ನೆಲ್ಸನ್ ಭಾವ ಏನೆಂದು ಕೇಳಿದರು. ಅವಳು ಅವರ ಕೈಗೆ ಕಾಗದ ಕೊಡಲಿಲ್ಲ, ಫೋನು ಕೇಳಿದಳು.

ನಾನು ಬಾಲ್ಕನಿಗೆ ಹೋಗಲು ಎದ್ದೆ. ಅವಳು ನನ್ನ ಸೆರಗು ಹಿಡಿದು ಕೂರಿಸಿ, ಸ್ಪೀಕರ್ ಹಾಕಿದಳು.

“ಯಾರು?” ಎಂದರು ದೊಡ್ಡಪ್ಪ.

“ನಾನಪ್ಪ.”

ಅತ್ತ ಫ್ಯಾನಿನ ಸದ್ದು ಕೇಳುತ್ತಿತ್ತು.

“ಡ್ಯೂಟಿ ಎಷ್ಟು ಹಾಕಿದ್ರು?”

“ಏನೂ ಹಾಕ್ಲಿಲ್ಲ.”

“ರಸೀದಿ ಕೊಟ್ರಾ?”

“ಕೊಟ್ರು.”

“ಜೋಪಾನವಾಗಿಟ್ಕೋ. ಮುಂದೆ ಬೇಕಾಗುತ್ತೆ.”

ಇಬ್ಬರೂ ಫೋನು ಇಡಲಿಲ್ಲ. ಅಕ್ಕ ಒಂದು ಕೈಯಲ್ಲಿ ಫೋನು ಹಿಡಿದು ಬಳೆಯ ಕಟ್ಟು ಬಿಚ್ಚಲು ನೋಡಿದಳು, ಆಗಲಿಲ್ಲ. ನಾನು ಬಿಚ್ಚಿ ಒಂದೊಂದಾಗಿ ಅವಳ ಕೈಗೆ ಏರಿಸತೊಡಗಿದೆ. ಗಾಜು ಗಾಜಿಗೆ ತಾಗಿತು.

“ಅದೇನು ಸದ್ದು?”

“ಬಳೆ, ಅಪ್ಪ.”

“ಹತ್ತುತ್ತಾ? ಅಂಗಡಿಯವನಿಗೆ ಹೇಳ್ದೆ, ನಮ್ಮ ಹುಡುಗಿ ಅಳತೆ ಎರಡು ನಾಲ್ಕು, ಆದ್ರೆ ಎಂಟನೇ ತಿಂಗಳು, ಕೈ ಊದಿರುತ್ತೆ, ಎರಡು ಆರೇ ಕೊಡು ಅಂತ.”